ಗೃಹಸ್ಥನಿಗೊಂದು ದೂರದರ್ಶಕ

2023ರ ದೀಪಾವಳಿ ಕಳೆದ ವಾರ ನನ್ನ ಮೊಮ್ಮಗನು ಚಂದ್ರನ ಕುಳಿಗಳನ್ನು ನೋಡಲೇಬೇಕೆಂದು ಹಟ ಹಿಡಿದನು. ರಾಮನಗರದಲ್ಲಿ ವಾಸಿಸುವ ನಿವೃತ್ತ ಉಪಾಧ್ಯಾಯನ ಪಿಂಚಣಿಯಲ್ಲಿ ಮೂರು ಸಾವಿರ ರೂಪಾಯಿಗಳನ್ನು ಎತ್ತಿಡುವುದು ಸುಲಭವಲ್ಲ. ಆದರೂ ಹುಡುಗನ ಜಿಜ್ಞಾಸೆ ಆರಬಾರದೆಂದು ಒಂದು ದೂರದರ್ಶಕವನ್ನು ಕೊಂಡು ತಂದೆನು. ಪೆಟ್ಟಿಗೆಯ ಮೇಲೆ "525 ಪಟ್ಟು" ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದಿತು. ಅಷ್ಟೂ ಪಟ್ಟು ಬರುವಂತೆ ಮಸೂರಗಳನ್ನು ಜೋಡಿಸಿ ತಾರಸಿಯ ಮೇಲೆ ನಿಲ್ಲಿಸಿದಾಗ ಕಂಡದ್ದು, ಗಡಗಡನೆ ನಡುಗುವ ಒಂದು ಮಸುಕು ಬೆಳಕು ಮಾತ್ರ. ಎರಡು ರಾತ್ರಿ ನೋಡಿ, "ತಾತ, ಆಕಾಶದಲ್ಲಿ ಏನೂ ಇಲ್ಲ" ಎಂದು ಕೆಳಗಿಳಿದವನು ಒಂದು ವರ್ಷಕಾಲ ಮೇಲೆ ಬರಲಿಲ್ಲ. ಹಣ ಹೋದುದಕ್ಕಿಂತ ಇದೇ ನನಗೆ ಹೆಚ್ಚಿನ ವ್ಯಥೆಯಾಯಿತು. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಲೆಕ್ಕ ಹಾಕದೆ ಕೊಂಡಿದ್ದೆನು.

ಆ ಲೆಕ್ಕವು ಬಹಳ ಸಣ್ಣದು. ಕೊಳವೆಯ ಮುಂದಿರುವ ಮಸೂರಕ್ಕೆ ವಸ್ತುಕವೆಂದೂ ಕಣ್ಣಿಡುವ ಮಸೂರಕ್ಕೆ ನೇತ್ರಕವೆಂದೂ ಹೆಸರು. ವಸ್ತುಕದ ಸಂಗಮದೂರವನ್ನು ನೇತ್ರಕದ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ದೊರೆಯುವುದು. ನಮ್ಮದರಲ್ಲಿ 700ನ್ನು 4ರಿಂದ ಭಾಗಿಸಿದರೆ 175. ನಡುವೆ ಮೂರರಷ್ಟು ಮಾಡುವ ಬಾರ್ಲೋ ಮಸೂರವನ್ನಿಟ್ಟರೆ 525. ಹೀಗೆ ಪೆಟ್ಟಿಗೆಯ ಮಾತು ಸುಳ್ಳಲ್ಲ, ನಿಷ್ಪ್ರಯೋಜಕ, ಅಷ್ಟೆ. ವಸ್ತುಕದ ವ್ಯಾಸವು ಎಷ್ಟು ಮಿಲಿಮೀಟರೋ ಅದರ ಇಮ್ಮಡಿಯನ್ನು ಮೀರಿ ಹಿಗ್ಗಿಸಿದರೆ ಬಿಂಬವು ದೊಡ್ಡದಾಗುವುದೇ ಹೊರತು ಸ್ಪಷ್ಟವಾಗದು. ಒಂದು ಸೌಟು ಹಿಟ್ಟಿನಲ್ಲಿ ಕಾವಲಿಯಗಲ ದೋಸೆ ಹುಯ್ಯಹೋದಂತೆ! ನಮ್ಮ 60 ಮಿಲಿಮೀಟರಿನ ಮಸೂರಕ್ಕೆ 120 ಪಟ್ಟೇ ಮೇರೆಯಾಗಿದ್ದಿತು.

ಆದುದರಿಂದ ಕೊಳ್ಳುವವರು ಪಟ್ಟನ್ನು ಕೇಳದೆ ವ್ಯಾಸವನ್ನು ಕೇಳತಕ್ಕದ್ದು. ಕತ್ತಲೆಯಲ್ಲಿ ನಮ್ಮ ಕಣ್ಣಿನ ಪಾಪೆಯು ಸುಮಾರು 7 ಮಿಲಿಮೀಟರ್ ಅರಳುವುದು. 70 ಮಿಲಿಮೀಟರಿನ ಮಸೂರವು ಅದರ ನೂರರಷ್ಟು ಬೆಳಕನ್ನು ಹಿಡಿಯುವುದು. ಎರಡನೆಯದಾಗಿ ಮುಕ್ಕಾಲಿಯನ್ನು ಅಲುಗಿಸಿ ನೋಡಬೇಕು. ಕೊಳವೆಯನ್ನು ಬೆರಳಿನಿಂದ ತಟ್ಟಿದಾಗ ಒಂದೆರಡು ಕ್ಷಣಗಳಲ್ಲಿ ನಡುಕವು ನಿಲ್ಲದಿದ್ದರೆ, ಮಸೂರವು ಎಷ್ಟೇ ಉತ್ತಮವಾಗಿದ್ದರೂ ಬಿಟ್ಟು ಬರುವುದು ಲೇಸು. ಹತ್ತು ಹದಿನೈದು ಸಾವಿರ ರೂಪಾಯಿಗಳನ್ನು ವೆಚ್ಚಮಾಡಬಲ್ಲ ಗೃಹಸ್ಥರಿಗೆ, ಗಟ್ಟಿ ನಿಲುವಿನ 70 ಮಿಲಿಮೀಟರ್ ದೂರದರ್ಶಕವೂ 25 ಮತ್ತು 10 ಮಿಲಿಮೀಟರಿನ ಎರಡು ನೇತ್ರಕಗಳೂ ಸಾಕು. ಹೆಚ್ಚು ಅನುಕೂಲವಿದ್ದವರು 130 ಮಿಲಿಮೀಟರಿನ ಕನ್ನಡಿಯುಳ್ಳದ್ದನ್ನು ನೋಡಬಹುದು. ಅಮೆರಿಕೆಯ ಜಾನ್ ಡಾಬ್ಸನ್ ಎಂಬಾತನು 1960ರ ದಶಕದಲ್ಲಿ ಪ್ರಚಾರಕ್ಕೆ ತಂದ ಮರದ ಪೆಟ್ಟಿಗೆಯ ನಿಲುವು ಇದಕ್ಕೆ ಬಹಳ ಒಪ್ಪುವುದು. ಬೊಂಬೆಗಳ ಊರಾದ ಚನ್ನಪಟ್ಟಣ ಪಕ್ಕದಲ್ಲಿರುವಾಗ ಅಂತಹ ಮರಗೆಲಸಕ್ಕೆ ಕೈಗಳ ಬರವಿಲ್ಲ. ಅಷ್ಟೂ ಆಗದವರು 10×50 ಅಳತೆಯ ಬೈನಾಕ್ಯುಲರನ್ನು ಕೊಳ್ಳಲಿ. ಕೆಟ್ಟ ದೂರದರ್ಶಕಕ್ಕಿಂತ ಅದು ಎಷ್ಟೋ ಮೇಲೆಂಬುದು ನನ್ನ ದೃಢವಾದ ಮತ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದವರು ಆಗಾಗ ನಡೆಯಿಸುವ ಆಕಾಶವೀಕ್ಷಣೆಗೆ ಒಮ್ಮೆ ಹೋಗಿಬಂದರೆ ನಿಮ್ಮ ಕಣ್ಣೇ ನಿಮಗೆ ಉತ್ತರ ಹೇಳೀತು.

ನಗರದ ಬೆಳಕು ಆಕಾಶವನ್ನೆಲ್ಲ ನುಂಗಿತೆಂದು ನಿರಾಶರಾಗಬೇಕಿಲ್ಲ. ಚಂದ್ರ, ಗುರು, ಶನಿ, ಶುಕ್ರರಿಗೆ ಈ ಬೆಳಕಿನಿಂದ ಹೆಚ್ಚು ಬಾಧೆಯಿಲ್ಲ, ಮಂಕಾಗುವುವು ನೀಹಾರಿಕೆಗಳು. ಬೆಂಗಳೂರಿನ ಹೊಳಪು ಮಾಗಡಿಯವರಿಗೆ ಪೂರ್ವದಲ್ಲಿಯೂ, ರಾಮನಗರ ಚನ್ನಪಟ್ಟಣಗಳವರಿಗೆ ಈಶಾನ್ಯದಲ್ಲಿಯೂ ಕಾಣುವುದು. ಕನಕಪುರದವರು ಭಾಗ್ಯವಂತರು, ಅವರಿಗೆ ಹೊಳಪು ಬೆನ್ನ ಹಿಂದೆ ಉತ್ತರಕ್ಕಿದ್ದು, ದಕ್ಷಿಣದ ದಿಗಂತವು ಕಪ್ಪಾಗಿರುವುದು. ಮೇ ತಿಂಗಳ ರಾತ್ರಿಗಳಲ್ಲಿ ಅಲ್ಲಿ ತ್ರಿಶಂಕುವನ್ನೂ, ಚಳಿಗಾಲದಲ್ಲಿ ಅಗಸ್ತ್ಯನನ್ನೂ ನೋಡಬಹುದು. ನಮ್ಮ ಕಡೆಯ ಬಂಡೆಗಳೂ ತಾರಸಿಗಳೂ ಹಗಲ ಬಿಸಿಲನ್ನು ಕುಡಿದು ಸಂಜೆ ಹೊರಗೆಡಹುವುದರಿಂದ ಬಿಂಬವು ಕುದಿಯುವ ನೀರಿನಲ್ಲಿ ಕಂಡಂತೆ ಅಲೆಯುವುದುಂಟು. ಮಣ್ಣಿನ ಅಂಗಳವಿದ್ದರೆ ಅಲ್ಲಿಯೇ ನಿಲ್ಲಿಸುವುದು ಮೇಲು.

ತಾಯಂದಿರು ಒಂದು ಮಾತನ್ನು ಮರೆಯಬಾರದು. ಅಗ್ಗದ ದೂರದರ್ಶಕದೊಡನೆ ನೇತ್ರಕಕ್ಕೆ ತಿರುಪುವ ಕಪ್ಪು ಗಾಜೊಂದನ್ನು ಸೂರ್ಯನನ್ನು ನೋಡಲೆಂದು ಕೊಡುವುದುಂಟು. ಸೂರ್ಯನ ಶಾಖವೆಲ್ಲ ಅಲ್ಲಿಯೇ ಒಟ್ಟುಗೂಡುವುದರಿಂದ ಅದು ಥಟ್ಟನೆ ಸೀಳಿಹೋಗಬಹುದು. ಆ ಕ್ಷಣದಲ್ಲಿಯೇ ಮಗುವಿನ ದೃಷ್ಟಿಯೂ ಹೋದೀತು. ಅದನ್ನು ಮನೆಗೆ ತಂದ ದಿನವೇ ಮುರಿದು ಎಸೆಯಿರಿ. ಹಗಲಿನಲ್ಲಿ ಕೊಳವೆಯನ್ನು ಮಕ್ಕಳ ಕೈಗೆ ಕೊಡಲೇಬೇಡಿರಿ.

ಶನಿಯ ಉಂಗುರಗಳು 2025ರ ಮಾರ್ಚಿಯಲ್ಲಿ ಅಂಚನ್ನು ನಮ್ಮತ್ತ ತಿರುಗಿಸಿ ಅದೃಶ್ಯಪ್ರಾಯವಾಗಿದ್ದುವು. ಅಲ್ಲಿಂದೀಚೆಗೆ ವರ್ಷ ವರ್ಷಕ್ಕೆ ಹೆಚ್ಚು ತೆರೆದುಕೊಳ್ಳತೊಡಗಿವೆ. ಹೊಸಬರಿಗೆ ಇದು ಒಳ್ಳೆಯ ಕಾಲ.

ನಾನು ಎರಡನೆಯ ಸಲ ಲೆಕ್ಕ ಹಾಕಿ 70 ಮಿಲಿಮೀಟರಿನದನ್ನು ಕೊಂಡದ್ದು 2025ರ ಜನವರಿಯಲ್ಲಿ. ಹಳೆಯ ಮುಕ್ಕಾಲಿಯ ಮೇಲೆ ಈಗ ನಮ್ಮ ಮನೆಯಾಕೆಯ ಹೂವಿನ ಕುಂಡ ಕುಳಿತಿದೆ. ಆಗ ಗುರುಗ್ರಹವು ರೋಹಿಣಿಯ ಸಮೀಪದಲ್ಲಿದ್ದಿತು. ಹುಡುಗನನ್ನು ಬಲವಂತವಾಗಿಯೇ ಅಂಗಳಕ್ಕೆ ಕರೆತಂದೆನು. 28 ಪಟ್ಟಿನಲ್ಲಿ ಗುರುವೂ ಅದರ ಪಕ್ಕದಲ್ಲಿ ಸಾಲಾಗಿ ನಾಲ್ಕು ಚುಕ್ಕೆಗಳೂ ನಿಶ್ಚಲವಾಗಿ ನಿಂತುವು. 1610ರ ಜನವರಿಯಲ್ಲಿ ಗೆಲಿಲಿಯೋ ಮಾಡಿದಂತೆ ಇವನೂ ಅವುಗಳನ್ನು ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿಕೊಂಡನು. ಮೂರನೆಯ ರಾತ್ರಿ ಚುಕ್ಕೆಗಳು ಮೂರೇ ಇದ್ದುವು. "ತಾತ, ಇದೂ ಕೆಟ್ಟುಹೋಯಿತು!" ಎಂದನು. ಗ್ರಹದ ಮರೆಯಲ್ಲಿ ಒಂದು ಹೋಗಿರಬಹುದೆಂದು ಹೇಳಿದೆನು. ಊಟಕ್ಕೆ ಕರೆದರೂ ಏಳದೆ, ಕಂಬಳಿ ಹೊದ್ದು, ನಾಲ್ಕನೆಯದು ಹೊರಗೆ ಬರುವವರೆಗೆ ಅಲ್ಲಿಯೇ ಕುಳಿತಿದ್ದನು.