ಮತದಾರನ ಮನಸ್ಸನ್ನು ಅಳೆಯಬಹುದೇ?

ಅನ್ನ ಬೆಂದಿತೇ ಎಂಬುದನ್ನರಿಯಲು ಅಗುಳೊಂದನ್ನು ಹಿಸುಕಿ ನೋಡಿದರೆ ಸಾಕು, ಪಾತ್ರೆಯನ್ನೆಲ್ಲ ಬರಿದುಮಾಡಬೇಕಾಗಿಲ್ಲ. ಕೋಟ್ಯಂತರ ಮತದಾರರ ಒಲವನ್ನು ಕೆಲವು ಸಾವಿರ ಮಂದಿಯ ಉತ್ತರಗಳಿಂದ ಊಹಿಸುವ ರಾಜ್ಯಶಾಸ್ತ್ರಜ್ಞರು ಅನುಸರಿಸುವುದೂ ಇದೇ ಉಪಾಯವನ್ನು. ಆದರೆ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಬೆಂದಂಥವು; ಮನುಷ್ಯರು ಹಾಗಲ್ಲ. ಅಂದಮೇಲೆ ಈ ಉಪಾಯವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಪರಿಶೀಲಿಸೋಣ.

1936ರ ಪಾಠ

1936ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ರೂಸ್‌ವೆಲ್ಟ್ ಮತ್ತು ಲ್ಯಾಂಡನ್ ಸ್ಪರ್ಧಿಸಿದ್ದರು. ‘ಲಿಟರರಿ ಡೈಜೆಸ್ಟ್’ ಎಂಬ ವಾರಪತ್ರಿಕೆಯು ಸುಮಾರು 1 ಕೋಟಿ ಮಂದಿಗೆ ಅಂಚೆಯಲ್ಲಿ ಮಾದರಿ ಮತಪತ್ರಗಳನ್ನು ಕಳುಹಿಸಿತು. 20 ಲಕ್ಷಕ್ಕೂ ಮಿಕ್ಕಿ ಉತ್ತರಗಳು ಬಂದವು. ಹಿಂದಿನ ಐದು ಚುನಾವಣೆಗಳಲ್ಲಿ ಗೆಲ್ಲುವವರನ್ನು ಸರಿಯಾಗಿ ಸೂಚಿಸಿದ್ದ ಪತ್ರಿಕೆ, ಈ ಸಲ ಲ್ಯಾಂಡನ್ನರ ಜಯವನ್ನು ಸಾರಿತು. ಆದರೆ 48 ಸಂಸ್ಥಾನಗಳಲ್ಲಿ 46 ರೂಸ್‌ವೆಲ್ಟರ ಪಾಲಾದವು. ಜಾರ್ಜ್ ಗ್ಯಾಲಪ್ ಎಂಬುವರು ಸುಮಾರು 50 ಸಾವಿರ ಮಂದಿಯನ್ನು ಮಾತ್ರ ವಿಚಾರಿಸಿ ಈ ಫಲವನ್ನು ಮುಂದಾಗಿಯೇ ತಿಳಿಸಿದ್ದರು.

ಪತ್ರಿಕೆಯು ವಿಳಾಸಗಳನ್ನು ದೂರವಾಣಿ ಮತ್ತು ಮೋಟಾರು ಮಾಲೀಕರ ಪಟ್ಟಿಗಳಿಂದ ಆರಿಸಿತ್ತು. ಮುಗ್ಗಟ್ಟಿನ ಆ ಕಾಲದಲ್ಲಿ ಇವುಗಳನ್ನು ಹೊಂದಿದ್ದವರು ಅನುಕೂಲಸ್ಥರು. ಕಾರಣ ಇಷ್ಟೇ ಅಲ್ಲವೆಂದು 1988ರಲ್ಲಿ ಪೆವೆರಿಲ್ ಸ್ಕ್ವೈರ್ ಎಂಬ ರಾಜ್ಯಶಾಸ್ತ್ರಜ್ಞರು ತೋರಿಸಿದರು. ಮತಪತ್ರ ಪಡೆದವರೆಲ್ಲರೂ ಉತ್ತರಿಸಿದ್ದರೆ, ಆ ಪಟ್ಟಿಯಿಂದಲೂ ರೂಸ್‌ವೆಲ್ಟರ ಗೆಲುವೇ ಕಾಣುತ್ತಿತ್ತು. ಪತ್ರಿಕೆಯನ್ನು ದಾರಿ ತಪ್ಪಿಸಿದುದರಲ್ಲಿ ಮೌನವಾಗಿದ್ದವರ ಪಾಲೂ ದೊಡ್ಡದು.

ಎರಡು ಬಗೆಯ ದೋಷಗಳು

ಪ್ರಯೋಗಶಾಲೆಯಲ್ಲಿ ಸ್ಕ್ರೂಗೇಜಿನಿಂದ ತಂತಿಯ ದಪ್ಪವನ್ನು ಅಳೆಯುವಾಗ ನಾವು ಎರಡು ಬಗೆಯ ದೋಷಗಳನ್ನು ಕಾಣುತ್ತೇವೆ. ಅಳತೆಯಿಂದ ಅಳತೆಗೆ ಬರುವ ಚಿಕ್ಕ ಏರಿಳಿತಗಳು ಒಂದು ಬಗೆ. ಹಲವು ಸಲ ಅಳೆದು ಸರಾಸರಿ ತೆಗೆದರೆ ಇವು ಕುಗ್ಗುತ್ತವೆ. ಉಪಕರಣದ ಶೂನ್ಯದೋಷವು ಇನ್ನೊಂದು ಬಗೆ; ಸಾವಿರ ಸಲ ಅಳೆದರೂ ಅದು ಕದಲದು.

ಅಭಿಪ್ರಾಯ ಸಮೀಕ್ಷೆಯಲ್ಲಿಯೂ ಹೀಗೆಯೇ. ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, 400 ಮಂದಿಯನ್ನು ಆರಿಸಿದರೆ, 100ರಲ್ಲಿ 95 ಸಲ ಉತ್ತರವು ನಿಜಕ್ಕೆ ಶೇಕಡಾ 5ರ ಒಳಗಿರುತ್ತದೆ. 1,600 ಮಂದಿಯನ್ನು ಆರಿಸಿದರೆ ಈ ಅಂತರ ಶೇಕಡಾ 2.5ಕ್ಕೆ, 10,000 ಮಂದಿಗೆ ಶೇಕಡಾ 1ಕ್ಕೆ ಇಳಿಯುತ್ತದೆ. ಮಾದರಿ ನಾಲ್ಮಡಿಯಾದರೆ ದೋಷ ಅರ್ಧವಾಗುವುದು. ದೇಶದ ಜನಸಂಖ್ಯೆ ಎಷ್ಟೆಂಬುದು ಇಲ್ಲಿ ಹೆಚ್ಚುಕಡಮೆ ಅಪ್ರಸ್ತುತ. ಆದರೆ ಆಯ್ಕೆಯೇ ಓರೆಯಾಗಿದ್ದರೆ ಅದು ಶೂನ್ಯದೋಷದಂತೆ. ಸಂಖ್ಯೆಯನ್ನು ಹೆಚ್ಚಿಸಿದರೂ ನೀಗದು.

ಗ್ಯಾಲಪರಿಗೂ ಇದರ ಬಿಸಿ ತಟ್ಟಿತು. ಇಂತಿಷ್ಟು ಸ್ತ್ರೀಯರು, ಇಂತಿಷ್ಟು ಕೂಲಿಕಾರರು ಎಂದು ಪಾಲು ನಿಗದಿಮಾಡಿ, ವ್ಯಕ್ತಿಗಳ ಆಯ್ಕೆಯನ್ನು ವಿಚಾರಕರಿಗೇ ಬಿಡುವುದು ಅವರ ಕ್ರಮವಾಗಿತ್ತು. 1948ರಲ್ಲಿ ಅವರು ಡ್ಯೂಯಿ ಗೆಲ್ಲುವರೆಂದರು, ಗೆದ್ದವರು ಟ್ರೂಮನ್. ವಿಚಾರಣೆಯನ್ನು ಚುನಾವಣೆಗೆ ಬಹಳ ಮುಂಚೆಯೇ ನಿಲ್ಲಿಸಿದುದೂ ಈ ಸೋಲಿಗೆ ಒಂದು ಕಾರಣ.

ಇಂದಿನ ಚರ್ಚೆ

ಈಗ ದೂರವಾಣಿಯ ಕರೆಗೆ ಉತ್ತರಿಸುವವರೇ ವಿರಳ. ಆದುದರಿಂದ ಅನೇಕರು ಅಂತರಜಾಲದಲ್ಲಿ ಸ್ವಇಚ್ಛೆಯಿಂದ ಉತ್ತರಿಸುವವರನ್ನು ಅವಲಂಬಿಸುತ್ತಾರೆ. ವಯಸ್ಸು, ವಿದ್ಯೆ ಮೊದಲಾದವುಗಳಿಗೆ ತಕ್ಕಂತೆ ಉತ್ತರಗಳ ತೂಕವನ್ನು ಹೊಂದಿಸಿದರೆ ಓರೆ ಸರಿಹೋಗುವುದೆಂಬುದು ಒಂದು ಪಕ್ಷ. ಒಂದೇ ವಯಸ್ಸಿನ, ಒಂದೇ ವಿದ್ಯೆಯ ಇಬ್ಬರಲ್ಲಿ ಉತ್ತರಿಸುವವನೂ ಉತ್ತರಿಸದವನೂ ಬೇರೆ ಬೇರೆಯಾಗಿ ಮತ ನೀಡಿದರೆ ತೂಕವೇನು ಮಾಡೀತೆಂಬುದು ಎದುರು ಪಕ್ಷ. ಸಂಖ್ಯಾಶಾಸ್ತ್ರಜ್ಞ ಶಿಯಾವ್-ಲಿ ಮೆಂಗ್ 2018ರಲ್ಲಿ ಪ್ರಕಟಿಸಿದ ಲೆಕ್ಕವು ಬೆರಗು ಹುಟ್ಟಿಸುವಂಥದು: 2016ರ ಅಮೆರಿಕದ ಚುನಾವಣೆಯ ವಿಷಯದಲ್ಲಿ, ಅತ್ಯಲ್ಪ ಓರೆಯುಳ್ಳ 23 ಲಕ್ಷ ಉತ್ತರಗಳ ಬೆಲೆ, ಯಾದೃಚ್ಛಿಕವಾಗಿ ಆರಿಸಿದ ಸುಮಾರು 400 ಉತ್ತರಗಳ ಬೆಲೆಯಷ್ಟೆ!

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಮತಪ್ರಮಾಣವನ್ನು ತಿಳಿದರೂ ಸ್ಥಾನಗಳ ಸಂಖ್ಯೆ ತಿಳಿಯದು. 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸು ಸುಮಾರು ಶೇಕಡಾ 38 ಮತಗಳಿಂದ 80 ಸ್ಥಾನಗಳನ್ನು ಪಡೆದರೆ, ಭಾರತೀಯ ಜನತಾ ಪಕ್ಷವು ಸುಮಾರು ಶೇಕಡಾ 36ರಿಂದಲೇ 104ನ್ನು ಪಡೆಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಹಲವು ಮತಗಟ್ಟೆ ಸಮೀಕ್ಷೆಗಳು ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟಕ್ಕೆ 350ಕ್ಕೂ ಹೆಚ್ಚು ಸ್ಥಾನಗಳನ್ನು ಹೇಳಿದ್ದವು, ಬಂದುದು 293.

ಹಾಗೆಂದು ಸಮೀಕ್ಷೆಯೇ ನಿರರ್ಥಕವೆನ್ನುವುದು ಸಲ್ಲದು. ಒಂದು ಚುನಾವಣೆಗೂ ಮತ್ತೊಂದಕ್ಕೂ ನಡುವೆ ಜನರ ಅಭಿಪ್ರಾಯವೇನೆಂದು ಸರ್ಕಾರಕ್ಕೂ ಪ್ರಜೆಗಳಿಗೂ ತಿಳಿಸಬಲ್ಲ ಉತ್ತಮ ಸಾಧನಗಳಲ್ಲಿ ಇದೂ ಒಂದು. ಆದುದರಿಂದಲೇ ಅದರ ದೋಷಗಳನ್ನು ಅರಿಯುವುದು ಅಗತ್ಯ. ವಿದ್ಯಾರ್ಥಿಗಳು ಸಮೀಕ್ಷೆಯೊಂದನ್ನು ಓದಿದಾಗ “ಎಷ್ಟು ಮಂದಿಯನ್ನು ಕೇಳಿದರು?” ಎಂಬ ಪ್ರಶ್ನೆಯಲ್ಲಿಯೇ ನಿಲ್ಲದೆ, “ಅವರನ್ನು ಆರಿಸಿದುದು ಹೇಗೆ? ಉತ್ತರಿಸದೆ ಉಳಿದವರು ಯಾರು?” ಎಂದೂ ಕೇಳಲಿ. ಉತ್ತರ ದೊರೆಯದಿದ್ದರೆ ಆ ಅಂಕಿಗಳನ್ನು ನಂಬಬೇಕಾದ ಕಾರಣವಿಲ್ಲ.