ಬೇಗ ಬಂದ ಮಗುವಿಗೆ ಅಪ್ಪನ ಎದೆಯೂ ಚಿಕಿತ್ಸೆ



ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಹೊಸದಾಗಿ ಅಪ್ಪ ಆದ ಕೇಳುಗರೊಬ್ಬರು ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಕಾರಿಡಾರ್‌ನಿಂದ ಕಳಿಸಿದ್ದು. "ಮೇಡಂ, ಮಗು 31 ವಾರಕ್ಕೇ ಹುಟ್ಟಿಬಿಟ್ಟಿದೆ. ಒಂದೂವರೆ ಕೆಜಿನೂ ಇಲ್ಲ. ಶರ್ಟ್ ಬಿಚ್ಚಿ ಮಗೂನ ಎದೆ ಮೇಲೆ ಮಲಗಿಸ್ಕೊಳ್ಳಿ ಅಂತಾರೆ ಸಿಸ್ಟರ್. ಮುಟ್ಟಿದ್ರೆ ಸೋಂಕಾಗುತ್ತೆ, ಬೇಡ ಅಂತಾರೆ ನಮ್ಮಮ್ಮ. ನಂಗೆ ಕೈ ನಡುಗುತ್ತೆ. ಏನ್ ಮಾಡ್ಲಿ?"

ಉತ್ತರ ಮೊದಲೇ ಹೇಳಿಬಿಡ್ತೀನಿ. ಸಿಸ್ಟರ್ ಮಾತು ಕೇಳಿ. ನಾನು ಡಾಕ್ಟರ್ ಅಲ್ಲ, ಆದರೆ ಇದರ ಹಿಂದಿನ ಲೆಕ್ಕ ಗಟ್ಟಿಯಾಗಿದೆ. ಅದನ್ನ ಒಂದೊಂದಾಗಿ ನೋಡೋಣ.

ಗರ್ಭ ಪೂರ್ತಿ ಬೆಳೆಯಲು ಸುಮಾರು 40 ವಾರ ಬೇಕು. 37 ವಾರ ತುಂಬುವ ಮೊದಲೇ ಹುಟ್ಟಿದರೆ ಅದು ಅವಧಿಪೂರ್ವ ಹೆರಿಗೆ, ನಾವೆಲ್ಲ ಪ್ರೀಮೆಚೂರ್ ಅನ್ನೋದು ಇದನ್ನೇ. ಪ್ರಪಂಚದಲ್ಲಿ ಸುಮಾರು ಹತ್ತರಲ್ಲಿ ಒಂದು ಮಗು ಹೀಗೆ ಹುಟ್ಟುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಭಾರತದಲ್ಲೇ ಇಂಥ ಸುಮಾರು 30 ಲಕ್ಷ ಮಕ್ಕಳು ಹುಟ್ಟಿದರು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ.

ನಮ್ಮ ಕಡೆ ಒಂದು ಮಾತಿದೆ, ನೀವೂ ಕೇಳಿರ್ತೀರಿ: ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅಂತ. ನಾನೇ ಎಂಟನೇ ತಿಂಗಳಿಗೆ ಹುಟ್ಟಿದವಳು, ನೋಡಿ, ನಿಮ್ಮ ಕಿವಿಯಲ್ಲಿ ಕೂತು ಮಾತಾಡ್ತಿದ್ದೀನಿ! ಆ ಮಾತು ತಪ್ಪು. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. 28 ವಾರಕ್ಕೂ ಮೊದಲು ಬಂದ ಮಗುವಿಗೆ ಅಪಾಯ ಬಹಳ ಹೆಚ್ಚು. 34 ದಾಟಿದರೆ ಎಷ್ಟೋ ಕಡಿಮೆ.

ಬೇಗ ಬಂದ ಮಗುವಿನ ಕಷ್ಟ ಏನು? ಮೊದಲನೆಯದು ಉಸಿರು. ಶ್ವಾಸಕೋಶದ ಪುಟ್ಟ ಗಾಳಿಚೀಲಗಳು ಮುಚ್ಚಿಕೊಳ್ಳದ ಹಾಗೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ಪದಾರ್ಥ ಇನ್ನೂ ಸಾಕಷ್ಟು ಆಗಿರಲ್ಲ. ಎರಡನೆಯದು ಹಾಲು. ಚೀಪೋದು, ನುಂಗೋದು, ಉಸಿರಾಡೋದು, ಈ ಮೂರನ್ನೂ ಹೊಂದಿಸಿಕೊಳ್ಳೋದು ಮಗುವಿಗೆ ಬರೋದು 34 ವಾರದ ಹೊತ್ತಿಗೆ. ಅದಕ್ಕೇ ಮೊದಲು ತಾಯಿಯ ಹಾಲನ್ನ ಹಿಂಡಿ ತೆಗೆದು ಟ್ಯೂಬಿನಲ್ಲಿ, ಆಮೇಲೆ ಒಳಲೆಯಲ್ಲೋ ಚಮಚದಲ್ಲೋ ಕೊಡ್ತಾರೆ. ಮೂರನೆಯದು ಸೋಂಕು.

ನಾಲ್ಕನೆಯದು ಚಳಿ. ಇದನ್ನ ನಾವು ಹಗುರವಾಗಿ ತಗೊಳ್ತೀವಿ. ಮಗುವಿನ ಚರ್ಮ ತೆಳು, ಅದರ ಕೆಳಗೆ ಕೊಬ್ಬಿಲ್ಲ. ಮೈ ತಣ್ಣಗಾದ ತಕ್ಷಣ ಇರೋ ಚೂರು ಶಕ್ತಿಯನ್ನೆಲ್ಲ ಬಿಸಿಗಾಗಿಯೇ ಖರ್ಚು ಮಾಡುತ್ತೆ. ರಕ್ತದ ಸಕ್ಕರೆ ಇಳಿಯುತ್ತೆ, ಆಮ್ಲಜನಕ ಹೆಚ್ಚು ಬೇಕಾಗುತ್ತೆ, ತೂಕ ಏರಲ್ಲ. ನಮಗೆ ಹಾಯ್ ಅನ್ನಿಸೋ ಫ್ಯಾನ್ ಗಾಳಿ ಆ ಮಗುವಿನ ಜೀವಕ್ಕೇ ಕುತ್ತು.

ಈಗ ಎದೆಯ ಮಾತಿಗೆ ಬರೋಣ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲುತ್ತಿರಲಿಲ್ಲ. ಸೋಂಕಿನಿಂದ ಮಕ್ಕಳು ಸಾಯ್ತಿದ್ದವು. ಡಾಕ್ಟರ್ ಎಡ್ಗರ್ ರೇ ಸನಾಬ್ರಿಯಾ ಒಂದು ದಾರಿ ಹುಡುಕಿದರು: ಮಗುವನ್ನ ತಾಯಿಯ ಬರಿ ಎದೆಗೆ ಕಟ್ಟಿಬಿಡೋದು. ಕಾಂಗರೂ ಮರಿಯನ್ನ ಚೀಲದಲ್ಲಿ ಇಟ್ಕೊಳ್ಳುತ್ತಲ್ಲ, ಹಾಗೆ. ಅದಕ್ಕೇ ಕಾಂಗರೂ ಆರೈಕೆ ಅಂತ ಹೆಸರು ಬಂತು.

ಬಹಳ ವರ್ಷ ಇದನ್ನ ಮಗು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮಾತ್ರ ಮಾಡ್ತಿದ್ದರು. ಹುಟ್ಟಿದ ಕೂಡಲೇ ಶುರು ಮಾಡಿದರೆ ಹೇಗೆ? ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿತು. ಒಂದರಿಂದ 1.8 ಕೆಜಿವರೆಗಿನ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. 2021ರಲ್ಲಿ ಫಲಿತಾಂಶ ಬಂತು: ಕೂಡಲೇ ಶುರು ಮಾಡಿದ ಗುಂಪಿನಲ್ಲಿ ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಕಡಿಮೆ. 2022ರಿಂದ ಸಂಸ್ಥೆಯ ಸಲಹೆಯೂ ಅದೇ, ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ. ಯಂತ್ರದ ನೆರವಿಲ್ಲದೆ ಉಸಿರಾಡಲಾಗದ ಮಕ್ಕಳಿಗೆ, ರಕ್ತದೊತ್ತಡ ಕುಸಿದವರಿಗೆ ಮಾತ್ರ ಡಾಕ್ಟರ್ ಬೇರೆ ತೀರ್ಮಾನ ತಗೊಳ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ಇದನ್ನ ತಲುಪಿಸುವ ಕೆಲಸ ನಡೆದಿದೆ.

ಹಾಗಾದ್ರೆ ಸೋಂಕು? ಅಜ್ಜಿಯ ಭಯ ಸುಳ್ಳಲ್ಲ, ಆದರೆ ಅದಕ್ಕೆ ಮದ್ದು ಸೋಪು. ಉಂಗುರ, ವಾಚು ತೆಗೆದು ಮೊಣಕೈವರೆಗೆ ತೊಳೀರಿ. ಫೋನ್ ಹೊರಗಿಡಿ, ನಮ್ಮ ಕೈಯಲ್ಲಿರೋ ಗಲೀಜು ವಸ್ತು ಅದೇ. ಕೆಮ್ಮು, ನೆಗಡಿ, ಜ್ವರ ಇದ್ದವರು ಹತ್ತಿರ ಹೋಗಬೇಡಿ. ಇಷ್ಟು ಪಾಲಿಸಿ ಮೈಗೆ ಮೈ ತಾಗಿಸಿದರೆ ಸೋಂಕು ಕಡಿಮೆಯೇ ಆಗುತ್ತೆ.

ಮಾಡೋದು ಹೇಗೆ? ಮಗುವಿಗೆ ಟೋಪಿ, ಕಾಲುಚೀಲ, ಡೈಪರ್ ಬಿಟ್ಟು ಬೇರೇನೂ ಬೇಡ. ನಿಮ್ಮ ಬರಿ ಎದೆಯ ಮೇಲೆ ನೆಟ್ಟಗೆ, ಕಪ್ಪೆಯ ಹಾಗೆ ಕೈಕಾಲು ಮಡಚಿ ಮಲಗಿಸಿ. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಗದ್ದ ಎದೆಗೆ ಒತ್ತಿಕೊಂಡಿರಬಾರದು, ಮೂಗು ಬಾಯಿ ಕಾಣುತ್ತಿರಲಿ. ಮೇಲೆ ಬಟ್ಟೆ ಸುತ್ತಿ ಕಟ್ಟಿ. ಒಂದು ಸಲಕ್ಕೆ ಕನಿಷ್ಠ ಒಂದು ಗಂಟೆ. ಅಮ್ಮನಿಗೆ ಸುಸ್ತಾದಾಗ ಅಪ್ಪ, ಅಜ್ಜಿ, ಚಿಕ್ಕಮ್ಮ ಯಾರಾದರೂ ಆಗಬಹುದು.

ಮನೆಗೆ ಬಂದ ಮೇಲೆ ನಮ್ಮ ಬಾಣಂತನದ ಪದ್ಧತಿಗಳ ಜೊತೆ ಸ್ವಲ್ಪ ರಾಜಿ ಆಗಬೇಕು. ಡಾಕ್ಟರ್ ಹೇಳುವ ತನಕ ಎರೆಯೋದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ ಬೇಡವೇ ಬೇಡ, ಎಳೇ ಶ್ವಾಸಕೋಶ ತಡಕೊಳ್ಳಲ್ಲ. ಬಜೆ, ಜೇನುತುಪ್ಪ ನೆಕ್ಕಿಸಬೇಡಿ. ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ತುಟಿ ನೀಲಿಯಾದರೆ, ಎದೆಗೆ ಹಾಕ್ಕೊಂಡರೂ ಮೈ ತಣ್ಣಗೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಕರೆ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಮಗುವಿಗೆ ಚಿಕಿತ್ಸೆ ಉಚಿತ.

ಇನ್ನೊಂದು, ಕಣ್ಣು. ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಪರದೆಯಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ದೃಷ್ಟಿಯೇ ಹೋಗಬಹುದು. ಹೊರಗಿಂದ ನೋಡಿದರೆ ಏನೂ ಗೊತ್ತಾಗಲ್ಲ. 34 ವಾರಕ್ಕೂ ಮೊದಲು ಹುಟ್ಟಿದ ಅಥವಾ ಎರಡು ಕೆಜಿಗಿಂತ ಕಡಿಮೆ ಇದ್ದ ಮಗುವಿಗೆ ತಿಂಗಳು ತುಂಬುವುದರೊಳಗೆ, ಇನ್ನೂ ಚಿಕ್ಕದಾದರೆ ಅದಕ್ಕೂ ಮೊದಲೇ, ಕಣ್ಣಿನ ಪರೀಕ್ಷೆ ಆಗಲೇಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಕಿಡ್‌ರಾಪ್ ತಂಡ 2008ರಿಂದ ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಹೋಗಿ ಈ ಪರೀಕ್ಷೆ ಮಾಡ್ತಾ ಬಂದಿದೆ. ಡಿಸ್ಚಾರ್ಜ್ ದಿನ ಮರೆಯದೆ ಕೇಳಿ: ಕಣ್ಣಿನ ಪರೀಕ್ಷೆ ಯಾವತ್ತು?

ಮನೇಲಿ ಗರ್ಭಿಣಿ ಇದ್ದರೆ ಇದನ್ನೂ ತಿಳ್ಕೊಳ್ಳಿ. ದಿನ ತುಂಬುವ ಮೊದಲೇ ನೀರು ಹೋದರೆ, ರಕ್ತ ಕಂಡರೆ, ಹೊಟ್ಟೆ ಮತ್ತೆಮತ್ತೆ ಬಿಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. 34 ವಾರದೊಳಗೆ ಹೆರಿಗೆ ಆಗೋ ಸಂಭವ ಇದ್ದರೆ ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಮಗುವಿನ ಶ್ವಾಸಕೋಶವನ್ನ ಬೇಗ ಬಲಿಯಿಸುತ್ತೆ. ಅದಕ್ಕೆ ಹೊತ್ತು ಸಿಗಬೇಕು. ಅಂದಹಾಗೆ, ಗ್ರಹಣದಲ್ಲಿ ಹೊರಗೆ ಬಂದಳು, ಮೆಟ್ಟಿಲು ಹತ್ತಿದಳು ಅಂತ ತಾಯಿಯನ್ನ ದೂರಬೇಡಿ. ಬಿಪಿ, ಸೋಂಕು, ಅವಳಿ ಗರ್ಭ ಹೀಗೆ ಕಾರಣ ಹಲವು, ಎಷ್ಟೋ ಸಲ ಕಾರಣವೇ ಸಿಗಲ್ಲ.

ಆ ಕೇಳುಗರಿಗೆ ಅವತ್ತೇ ಉತ್ತರ ಕಳಿಸಿದ್ದೆ. ಮಗು ಇನ್ನೂ ಎನ್‌ಐಸಿಯುನಲ್ಲೇ ಇದೆ. ನಿನ್ನೆ ಮೆಸೇಜ್ ಬಂತು: "ಮೇಡಂ, ಹಗಲು ಅವಳು, ರಾತ್ರಿ ನಾನು. ನಡುವೆ ಅಮ್ಮನೂ ಒಂದು ಗಂಟೆ ಕೂತ್ರು. ಇವತ್ತು ಹದಿನೈದು ಗ್ರಾಂ ಜಾಸ್ತಿ ಆಗಿದೆ."

ಈ ಎಪಿಸೋಡ್ ಯಾರಿಗೆ ಬೇಕಾಗಬಹುದು ಅನ್ನಿಸುತ್ತೋ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.