ದೂರವಾಣಿನಗರದಲ್ಲಿ ತರಬೇತಿ ಮತ್ತು ಪ್ರೋತ್ಸಾಹವೇತನ

ಕಾರ್ಮಿಕನಿಗೆ ಒಳ್ಳೆಯ ತರಬೇತಿಯನ್ನೂ ಹೆಚ್ಚಿನ ದುಡಿಮೆಗೆ ಹೆಚ್ಚಿನ ವೇತನವನ್ನೂ ಕೊಟ್ಟರೆ ಕಾರ್ಖಾನೆಯ ಉತ್ಪನ್ನವು ತಾನಾಗಿಯೇ ವೃದ್ಧಿಯಾಗುವುದೆಂಬುದು ಸಾಮಾನ್ಯವಾದ ನಂಬಿಕೆ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾಡಿಕೆಯಿಂದ ಇವುಗಳ ಸ್ವಭಾವಭೇದವು ಮರೆಯಾಗಿದೆ. ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದ ಬಳಿಯಿರುವ ದೂರವಾಣಿನಗರದ ಚರಿತ್ರೆಯಲ್ಲಿ ಆ ಭೇದವನ್ನು ಕಾಣಬಹುದು.

ಇಲ್ಲಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯು 1948ರಲ್ಲಿ ಸ್ಥಾಪಿತವಾಗಿ 1950ರಲ್ಲಿ ಕಂಪನಿಯ ರೂಪವನ್ನು ತಾಳಿತು. ಲಿವರ್‌ಪೂಲಿನ ಕಂಪನಿಯೊಂದರ ನೆರವಿನಿಂದ ಇಲ್ಲಿ ತಯಾರಾದುದು ಸ್ಟ್ರೌಜರ್ ಪದ್ಧತಿಯ ಎಕ್ಸ್‌ಚೇಂಜು. ಇತಿಹಾಸದ ಅಧ್ಯಾಪಕರಾದ ನಮಗೆ ಯಂತ್ರಶಾಸ್ತ್ರದಲ್ಲಿ ಅಧಿಕಾರವಿಲ್ಲ. ಆದರೂ ಯಂತ್ರವನ್ನು ಅರಿಯದೆ ಕಾರ್ಮಿಕನನ್ನು ಅರಿಯಲಾಗದು. ಚಂದಾದಾರನು ಅಂಕಿಗಳನ್ನು ತಿರುಗಿಸಿದಂತೆ ಅದರೊಳಗಿನ ದಂಡವೊಂದು ಹಂತಹಂತವಾಗಿ ಮೇಲೇರಿ, ಬಳಿಕ ಪಕ್ಕಕ್ಕೆ ಸುತ್ತಿ, ನೂರು ಸಂಪರ್ಕಬಿಂದುಗಳಲ್ಲಿ ತಕ್ಕುದನ್ನು ಮುಟ್ಟುತ್ತದೆ. ಅದಕ್ಕೆ ಆಜ್ಞೆ ಕೊಡುವ ರಿಲೇಗಳ ತೆಳುವಾದ ಲೋಹದ ಪಟ್ಟಿಗಳ ಬಿಗಿತವನ್ನೂ ಅವುಗಳ ನಡುವಣ ಕೂದಲೆಳೆಯಷ್ಟು ಅಂತರವನ್ನೂ ಕೈಯಿಂದಲೇ ಸರಿಪಡಿಸಬೇಕು. ಈ ಹದವು ಪುಸ್ತಕದಿಂದ ಬರುವುದಲ್ಲ. ಪಳಗಿದವರ ಪಕ್ಕದಲ್ಲಿ ಕುಳಿತು ಬೆರಳು ಕಲಿಯತಕ್ಕದ್ದು.

ಪ್ರೋತ್ಸಾಹವೇತನದ ತತ್ತ್ವವೇ ಬೇರೆ. ಒಂದು ಕೆಲಸಕ್ಕೆ ಇಷ್ಟು ಕಾಲವೆಂದು ಗೊತ್ತುಮಾಡಿ, ಅದಕ್ಕೆ ಮೊದಲೇ ಮುಗಿಸಿದವನಿಗೆ ಹೆಚ್ಚು ಹಣ ಕೊಡುವುದು. ಆ ಕಾಲವನ್ನು ನಾಳೆ ಮೊಟಕುಮಾಡುವುದಿಲ್ಲವೆಂಬ ಭರವಸೆ ಯಾರದು? ಅಮೆರಿಕದ ಷಿಕಾಗೋ ಬಳಿ ದೂರವಾಣಿ ಉಪಕರಣಗಳನ್ನೇ ತಯಾರಿಸುತ್ತಿದ್ದ ಹಾಥಾರ್ನ್ ಕಾರ್ಖಾನೆಯಲ್ಲಿ 1927ರಿಂದ ರಿಲೇ ಜೋಡಿಸುವ ಕೆಲವು ತರುಣಿಯರನ್ನು ಪ್ರತ್ಯೇಕವಾಗಿರಿಸಿ ಪರೀಕ್ಷಿಸಲಾಗಿ ಅವರ ಉತ್ಪನ್ನವು ಏರಿತು. 1931-32ರಲ್ಲಿ ತಂತಿ ಜೋಡಿಸುವ 14 ಮಂದಿ ಗಂಡಸರನ್ನು ಗಮನಿಸಿದಾಗಲಾದರೋ, ಗುಂಪಿನ ಉತ್ಪನ್ನಕ್ಕೆ ತಕ್ಕ ವೇತನವಿದ್ದರೂ, ದಿನಕ್ಕೆ ಇಷ್ಟೇ ಎಂದು ಅವರು ತಮ್ಮೊಳಗೆ ಮಿತಿ ಹಾಕಿಕೊಂಡಿದ್ದುದು ಕಂಡುಬಂದಿತು. ಹೆಚ್ಚು ಮಾಡಿದರೆ ದರ ಇಳಿಸುವರೆಂಬ ಶಂಕೆ ಅವರಲ್ಲಿತ್ತು. ಇದನ್ನು ಸೋಮಾರಿತನವೆಂದು ತಳ್ಳಿಹಾಕುವುದು ನಮಗೆ ಸರಿತೋರದು.

ಬೆಂಗಳೂರಿನಲ್ಲಿಯೂ ವೇತನದ ದೊಡ್ಡ ವಿವಾದವು ಎದ್ದುದು ಪ್ರೋತ್ಸಾಹಧನಕ್ಕಾಗಿ ಅಲ್ಲ. 1980-81ರಲ್ಲಿ ಈ ಕಾರ್ಖಾನೆಯೂ ಎಚ್.ಎ.ಎಲ್. ಮೊದಲಾದ ಸಾರ್ವಜನಿಕ ಉದ್ಯಮಗಳೂ 77 ದಿನಗಳ ಮುಷ್ಕರವನ್ನು ಕಂಡವು, ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸಮನಾದ ವೇತನ ಬೇಕೆಂಬುದೇ ಮುಖ್ಯ ಬೇಡಿಕೆ.

ಅಷ್ಟರಲ್ಲಿ ಯಂತ್ರವೇ ಬದಲಾಗುತ್ತಿತ್ತು. 1964ರಲ್ಲಿ ಬೆಲ್ಜಿಯಮ್ಮಿನ ಕಂಪನಿಯೊಡನೆ ಒಪ್ಪಂದವಾಗಿ ಕ್ರಾಸ್‌ಬಾರ್ ಪದ್ಧತಿ ಬಂದಿತು. ಅದರಲ್ಲಿ ಚಲಿಸುವ ಭಾಗಗಳು ಕಡಮೆ. ಅನಂತರ ಬಂದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜಿನಲ್ಲಿ ಪಟ್ಟಿ ಬಗ್ಗಿಸುವ ಕೈಚಳಕಕ್ಕೆ ಬದಲಾಗಿ ಸರ್ಕ್ಯೂಟುಗಳ ಪರೀಕ್ಷೆ ಬೇಕಾಯಿತು. ಪ್ರೋತ್ಸಾಹವೇತನವು ಇಂದಿನ ಕೆಲಸವನ್ನು ಹೆಚ್ಚು ಮಾಡಿದುದಕ್ಕೆ ಸಲ್ಲುವುದೇ ಹೊರತು ನಾಳೆಯ ಕೆಲಸವನ್ನು ಕಲಿಯುವ ಕಾಲಕ್ಕಲ್ಲ. ತರಬೇತಿಗೆ ಹೋದ ದಿನ ಎಣಿಕೆಗೆ ಸಿಕ್ಕುವ ಉತ್ಪನ್ನವಿಲ್ಲ. ಹಿಂದಿನ ಗಳಿಕೆಯ ಸರಾಸರಿಯನ್ನಾದರೂ ಕೊಡದಿದ್ದರೆ ಕಲಿಯುವವನಿಗೆ ನಷ್ಟ. ಹೀಗೆ ಒಂದು ಉಪಾಯವು ಇನ್ನೊಂದಕ್ಕೆ ಅಡ್ಡಬರುವ ಸಂಭವವುಂಟು. 1991ರ ಕೈಗಾರಿಕಾ ನೀತಿಯು ದೂರವಾಣಿ ಉಪಕರಣಗಳ ತಯಾರಿಕೆಯನ್ನು ಖಾಸಗಿಯವರಿಗೆ ತೆರೆದ ಮೇಲೆ, ಕಲಿಕೆಗೆ ದೊರೆಯುತ್ತಿದ್ದ ಬಿಡುವೂ ಕುಗ್ಗಿತು.